ಎಂಜಿನ್ ಬಣ್ಣ ಕಂದಿದರೆ ಮೊದಲು ಕಲೆ ಎಲ್ಲಿದೆ ನೋಡಿ

ನನ್ನ 1968ರ ಮಾರ್ಕ್ 2 ಅಂಬಾಸಿಡರ್‌ನ ಎಂಜಿನ್ ಇಳಿಸಿ, ಸಿಲಿಂಡರ್ ಕೊರೆಸಿ, ಹಸಿರು ಬಣ್ಣ ಹೊಡೆಸಿ ವಾಪಸ್ ಕೂರಿಸಿದ್ದು ಫೆಬ್ರವರಿಯಲ್ಲಿ. ಯುಗಾದಿ ಹೊತ್ತಿಗೆ ಮ್ಯಾನಿಫೋಲ್ಡ್ (ಎಂಜಿನ್ ಹೊಗೆಯನ್ನು ಹೊರಗೆ ಒಯ್ಯುವ ಕೊಳವೆ) ಪಕ್ಕದ ಹಸಿರು ಕಂದಿತ್ತು. ನಡುವೆ ಅಂಗೈ ಅಗಲದ ಕಂದು ಕಲೆ, ಅದರ ಸುತ್ತ ಒಣಹುಲ್ಲಿನ ಬಣ್ಣದ ಅಂಚು. ಪೇಂಟರ್ ಮೇಲೆ ಸಿಟ್ಟು ಬಂತು. ಅಷ್ಟು ಜಾಗ ಉಜ್ಜಿಸಿ ಮತ್ತೆ ಹೊಡೆಸಿದೆ. ಮೂರೇ ವಾರಕ್ಕೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಕಲೆ ಎದ್ದು ಬಂತು.

ಆಮೇಲೆ ಬಳ್ಳಾರಿ ಕೌಲ್ ಬಜಾರಿನ ನಮ್ಮ ಚಾಚಾ ಹತ್ತಿರ ಹೋದೆ. ಗಣಿ ಜೀಪುಗಳನ್ನೂ ಅಂಬಾಸಿಡರ್‌ಗಳನ್ನೂ ರಿಪೇರಿ ಮಾಡುತ್ತಲೇ ವಯಸ್ಸಾದವರು. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಸುಮ್ನೆ ನೋಡಿದರು.

"ತಮ್ಮಾ, ಇದನ್ನ ಒಮ್ಮೆ ಉಜ್ಜಿಸಿ ಬಣ್ಣ ಹೊಡಿಸಿಯೇನು?"

"ಹೌದ್ರಿ ಚಾಚಾ, ಹೋದ ತಿಂಗಳು."

"ಜ್ವರ ಬಂದು ಮೈ ಸುಡೋವಾಗ ಪೌಡರ್ ಹಚ್ಚಿದಂಗಾತು ಬಿಡು."

ಅವರು ಹೇಳಿಕೊಟ್ಟದ್ದು, ಆಮೇಲೆ ನಾನೇ ಮಾಡಿ ನೋಡಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಕಲೆ ಬಂದ ಜಾಗವೇ ದೋಷ ಎಲ್ಲಿದೆ ಎಂದು ಹೇಳುತ್ತದೆ. ಹಾಗಾಗಿ ಏನನ್ನೂ ಉಜ್ಜುವ ಮುಂಚೆ ಹಗಲು ಬೆಳಕಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ.

ಬಣ್ಣ ಸುಟ್ಟಿದೆಯೋ, ಮೇಲೆ ಏನಾದರೂ ಕೂತಿದೆಯೋ?

ಎಂಜಿನ್ ಪೂರ್ತಿ ತಣ್ಣಗಿರುವಾಗ ಬಿಳಿ ಬಟ್ಟೆಗೆ ಸೀಮೆಎಣ್ಣೆ ಹಾಕಿ ಕಲೆಯ ಒಂದು ಮೂಲೆಯನ್ನು ಮಾತ್ರ ಒರೆಸಿ. ಬಟ್ಟೆ ಕೆಂಪಾಗಿ, ಕೆಳಗೆ ಬಣ್ಣ ಚೆನ್ನಾಗಿ ಕಂಡರೆ ಅದು ಅದಿರಿನ ಧೂಳು. ಸಂಡೂರು ಕಡೆ, ತೋರಣಗಲ್ಲು ಕಡೆ ಓಡಾಡುವ ಗಾಡಿಗಳಲ್ಲಿ ಇದು ಮಾಮೂಲಿ. ಎಂಜಿನ್ ಮೇಲೆ ತೆಳ್ಳಗೆ ಎಣ್ಣೆ ಹಬ್ಬಿರುತ್ತದೆ. ಅದರ ಮೇಲೆ ಕೆಂಪು ಹುಡಿ ಕೂತು ಕಾದರೆ ಥೇಟ್ ಸುಟ್ಟ ಬಣ್ಣದ ಹಾಗೇ ಕಾಣುತ್ತದೆ. ಎಣ್ಣೆ ಎಲ್ಲಿಂದ ಬರುತ್ತಿದೆ ಹುಡುಕಿ ನಿಲ್ಲಿಸಿದರೆ ಸಾಕು, ಬಣ್ಣಕ್ಕೆ ಏನೂ ಆಗಿಲ್ಲ.

ಎರಡನೆಯದು ಬೆಂದ ಎಣ್ಣೆ. ಅಂಬಾಸಿಡರ್‌ನ ಹಳೇ 1489 ಸಿಸಿ ಎಂಜಿನ್‌ನಲ್ಲಿ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಕವರ್‌ಗಳು ಮ್ಯಾನಿಫೋಲ್ಡ್‌ನ ಕೆಳಗೇ ಇವೆ. ಅಲ್ಲಿನ ಸಂದಿ ಮುಚ್ಚುವ ಕಾರ್ಕ್ ಪ್ಯಾಕಿಂಗ್ ಒಣಗಿದರೆ ಎಣ್ಣೆ ಜಿನುಗುತ್ತದೆ. ಮೇಲಿನಿಂದ ಬೀಳುವ ಕಾವಿಗೆ ಅದು ಬೆಂದು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತದೆ. ಇದು ಸೀಮೆಎಣ್ಣೆಗೆ ಜಗ್ಗುವುದಿಲ್ಲ, ಕಾರ್ಬುರೇಟರ್ ಕ್ಲೀನರ್ ಬೇಕು. ಆದರೆ ಕ್ಲೀನರ್ ಬಣ್ಣವನ್ನೂ ಕಿತ್ತು ತರಬಹುದು. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ. ಗುರುತಿಸಲು ಸುಲಭ ದಾರಿ ಆಕಾರ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಕಲೆಗೆ ಬಾಲ ಇರುತ್ತದೆ. ಕಾವು ಸುತ್ತಲೂ ಹರಡುತ್ತದೆ, ಕಲೆ ದುಂಡಗಿರುತ್ತದೆ.

ಎರಡೂ ಅಲ್ಲದಿದ್ದರೆ ಉಗುರಿನಿಂದ ಒತ್ತಿ ನೋಡಿ. ಬಣ್ಣ ಪುಡಿಪುಡಿಯಾಗಿ ಉದುರಿದರೆ ಅದರ ಅಂಟು ಸುಟ್ಟಿದೆ ಎಂದರ್ಥ. ಉಗುರು ಇಳಿದು ಗುರುತು ಉಳಿದರೆ ಬಣ್ಣ ಒಳಗೆ ಇನ್ನೂ ಒಣಗಿಲ್ಲ. ಗುಳ್ಳೆ ಎದ್ದು, ಒಡೆದರೆ ಅಡಿಯಲ್ಲಿ ಜಿಡ್ಡು ಸಿಕ್ಕರೆ ತೊಳೆದದ್ದು ಸಾಲದು. ಗುಳ್ಳೆ ಒಡೆದಾಗ ಜಿಡ್ಡು ಸಿಗುವುದು ನಮ್ಮ ಕಡೆ ತುಂಬಾ ಜಾಸ್ತಿ. ಅದರ ಉಪಾಯ ಕೊನೆಗೆ ಹೇಳುತ್ತೇನೆ.

ಕಲೆಯ ಜಾಗ ಏನು ಹೇಳುತ್ತದೆ

ಈ ಅಂಬಾಸಿಡರ್ ಎಂಜಿನ್‌ನಲ್ಲಿ ಸಿಲಿಂಡರ್ ನಾಲ್ಕು, ಆದರೆ ಹೊಗೆ ಹೊರಬರುವ ದಾರಿ ಮೂರೇ. ನಡುವಿನ ಎರಡು ಸಿಲಿಂಡರ್‌ಗಳಿಗೆ ಒಂದೇ ದಾರಿ. ಹಾಗಾಗಿ ನಡುಭಾಗ ಯಾವಾಗಲೂ ಜಾಸ್ತಿ ಕಾಯುತ್ತದೆ. ಅಲ್ಲಿ ಮಾತ್ರ ಸ್ವಲ್ಪ ಮಂಕಾಗಿದ್ದರೆ ಗಾಬರಿ ಬೇಡ, ಬಣ್ಣದ ಶಕ್ತಿ ಸಾಲದು ಅಷ್ಟೇ. ಆದರೆ ಆರು ವಾರದಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಎಂಜಿನ್ ಒಳಗೇ ಕಾವು ಹೆಚ್ಚಾಗಿದೆ. ನನ್ನದು ಈ ಜಾತಿ.

ಹಳೇ ಮಹೀಂದ್ರ ಸಿಜೆ-3ಬಿ ಜೀಪಿನ ಹರಿಕೇನ್ ಎಂಜಿನ್‌ನಲ್ಲಿ ಲೆಕ್ಕ ಬೇರೆ. ಅದರಲ್ಲಿ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಮೇಲಿನ ಹೆಡ್‌ನಲ್ಲಿ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸಿಲಿಂಡರ್ ಇರುವ ಬ್ಲಾಕ್‌ನಲ್ಲಿ. ಹಾಗಾಗಿ ಬಣ್ಣ ಕಂದುವುದು ಕೆಳಗೆ, ಬ್ಲಾಕ್ ಮಗ್ಗುಲಿನಲ್ಲಿ. ಜೀಪಿನ ಹೆಡ್ ಬಣ್ಣವೇ ಕಂದಿದ್ದರೆ ಎಂಜಿನ್ ತಣಿಸುವ ನೀರಿನ ಕಡೆ ಅನುಮಾನ ಪಡಿ.

ಪ್ಯಾಕಿಂಗ್ ಅಂಚಿನಿಂದ ಬೀಸಣಿಗೆಯಂತೆ ಹರಡಿದ ಕಪ್ಪು ಗೆರೆ ಇದ್ದರೆ ಅದು ಮಸಿ. ಮ್ಯಾನಿಫೋಲ್ಡ್ ಪ್ಯಾಕಿಂಗ್ ಲೀಕ್ ಆಗಿ ಬೆಂಕಿಯಂಥ ಹೊಗೆ ನೇರವಾಗಿ ಬಣ್ಣದ ಮೇಲೆ ಬೀಳುತ್ತಿದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು ಕೇಳುತ್ತದೆ, ಕಾದ ಮೇಲೆ ಕಮ್ಮಿಯಾಗುತ್ತದೆ. ಅನುಮಾನ ಇದ್ದರೆ ಇನ್ನೊಬ್ಬರು ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆಯನ್ನು ಒಂದು ಕ್ಷಣ ಅಡ್ಡ ಹಿಡಿಯಲಿ, ಲೀಕ್ ಸದ್ದು ಜೋರಾಗುತ್ತದೆ. ಇದನ್ನು ಬಯಲಿನಲ್ಲೇ ಮಾಡಿ. ಹಳೇ ಪ್ಯಾಕಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಣಗಿದ್ದಾಗ ಅದನ್ನು ಕೆರೆಯಬೇಡಿ, ವೈರ್ ಬ್ರಷ್ ಹಚ್ಚಬೇಡಿ. ನೀರು ಹಾಕಿ ನೆನೆಸಿ ತೆಗೆಯಿರಿ.

ಒಂದು ತುದಿಯ ಸಿಲಿಂಡರ್ ಪಕ್ಕ ಮಾತ್ರ ಕಂದಿದ್ದರೆ? ಹಿಂದಿನ ಕೊನೆಯ ಸಿಲಿಂಡರ್ ಆದರೆ ನೂರಕ್ಕೆ ತೊಂಬತ್ತು ಸಲ ನಮ್ಮ ಬೋರ್‌ವೆಲ್ ನೀರಿನ ಕೆಲಸ ಎಂದು ಚಾಚಾ ಹೇಳುತ್ತಾರೆ. ಬಿಂದಿಗೆ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರನ್ನೇ ರೇಡಿಯೇಟರ್‌ಗೆ ಹಾಕಿದರೆ ಬ್ಲಾಕ್ ಒಳಗೂ ಅದೇ ಪೊರೆ ಕಟ್ಟುತ್ತದೆ. ತುಕ್ಕಿನ ಕೆಸರು ಹಿಂದಕ್ಕೆ ಹೋಗಿ ಕೂರುತ್ತದೆ. ಬ್ಲಾಕ್‌ನ ಪಕ್ಕದಲ್ಲಿರುವ, ನೀರು ಇಳಿಸುವ ಕೊಳಾಯಿ ತೆಗೆದು ನೋಡಿ. ನೀರು ಬರದಿದ್ದರೆ ಗಟ್ಟಿ ತಂತಿಯಿಂದ ಚುಚ್ಚಿ. ನನ್ನ ಗೆಳೆಯರ ಪದ್ಮಿನಿ ಕಾರಿನಿಂದ ಹೀಗೆ ಚುಚ್ಚಿದಾಗ ಮೊದಲು ಬಂದದ್ದು ನೀರಲ್ಲ, ಕೆಂಪು ಮಣ್ಣಿನಂಥ ಮುದ್ದೆ. ಆ ಕೆಸರು ತೊಳೆದು ಹೋಗುವವರೆಗೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಆಮೇಲೆ ಕೂಲಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.

ಇಡೀ ಎಂಜಿನ್ ಒಂದೇ ಸಮ ಹಳದಿ ತಿರುಗಿದ್ದರೆ ಬಣ್ಣದ್ದೇ ತಪ್ಪು. ಮೇಲೆ ಕ್ಲಿಯರ್ ಕೋಟ್ ಹೊಡೆದವರಿಗೆ ಇದು ಜಾಸ್ತಿ ಆಗುತ್ತದೆ.

ಎಷ್ಟು ಬಿಸಿ ಆಗಿತ್ತು, ತಿಳಿಯುವುದು ಹೇಗೆ

ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಆದರೆ ಅದು ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ, ನಿಜಕ್ಕಿಂತ ಕಮ್ಮಿ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಮಂಕು ಕಪ್ಪು ಹೀಟ್ ಪೇಂಟ್‌ನ ಒಂದು ಚುಕ್ಕೆ ಹಚ್ಚಿ, ಆ ಚುಕ್ಕೆಗೇ ಗುರಿ ಇಡಿ. ಹೆಡ್‌ನ ಮುಂದಿನ ತುದಿ, ಹಿಂದಿನ ತುದಿ ಎರಡನ್ನೂ ಅಳೆಯಿರಿ. ಎರಡಕ್ಕೂ 15–20 ಡಿಗ್ರಿ ಅಂತರ ಬಂದರೆ ನಾನು ನೀರಿನ ದಾರಿ ಬಿಚ್ಚಿಸುತ್ತೇನೆ. ಗಾಡಿ ಆಫ್ ಮಾಡಿ ಐದು ನಿಮಿಷದ ನಂತರ ಇನ್ನೊಮ್ಮೆ ಅಳೆಯಿರಿ. ಫ್ಯಾನ್ ನಿಂತಿರುತ್ತದೆ, ನೀರು ನಿಂತಿರುತ್ತದೆ, ಮ್ಯಾನಿಫೋಲ್ಡ್‌ನ ಕಾವು ಎಲ್ಲ ಕಡೆ ಹರಡುತ್ತದೆ. ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ಇರುವಾಗ ಬಾನೆಟ್ ಒಳಗೆ ಬಣ್ಣ ಬೇಯುವುದು ಈ ಹೊತ್ತಿನಲ್ಲೇ.

ಯಂತ್ರ ಇಲ್ಲದವರಿಗೆ ಚಾಚಾ ಹೇಳಿಕೊಟ್ಟ ವಾಷರ್ ಪರೀಕ್ಷೆ ನನಗೆ ತುಂಬಾ ಇಷ್ಟ. ಒಂದು ಸಾದಾ ಕಬ್ಬಿಣದ ವಾಷರ್ ತೆಗೆದುಕೊಳ್ಳಿ. ಮೇಲಿನ ಜಿಂಕ್ ಲೇಪ ಹೋಗುವಂತೆ ಎಮರಿ ಪೇಪರ್‌ನಿಂದ ಉಜ್ಜಿ ಕನ್ನಡಿ ಮಾಡಿ. ಬೆರಳಿನ ಜಿಡ್ಡು ಇಲ್ಲದಂತೆ ಥಿನ್ನರ್‌ನಲ್ಲಿ ಒರೆಸಿ. ಕಲೆಯ ಪಕ್ಕದ ಮ್ಯಾನಿಫೋಲ್ಡ್ ಮೇಲೆ ಬೈಂಡಿಂಗ್ ವೈರ್‌ನಿಂದ ಬಿಗಿಯಾಗಿ ಕಟ್ಟಿ. ತಂತಿಯ ತುದಿ ಫ್ಯಾನ್ ಕಡೆ ಹೋಗದಂತೆ ಮಡಚಿ. ಒಂದು ಸುತ್ತು ಓಡಿಸಿ, ತಣ್ಣಗಾದ ಮೇಲೆ ಬಿಚ್ಚಿ ನೋಡಿ. ಕಬ್ಬಿಣ ಕಾದಂತೆ ಅದರ ಮೈಮೇಲೆ ಬಣ್ಣದ ಪೊರೆ ಏಳುತ್ತದೆ. ಒಣಹುಲ್ಲಿನ ತಿಳಿ ಹಳದಿ ಬಂದರೆ ಸುಮಾರು 220 ಡಿಗ್ರಿ, ಕಂದು ಬಂದರೆ 260ರ ಆಸುಪಾಸು, ನೇರಳೆ 280, ನೀಲಿ 300. ತುಂಬಾ ಹೊತ್ತು ಕಾದರೆ ಕಮ್ಮಿ ಬಿಸಿಗೂ ಗಾಢ ಬಣ್ಣ ಬರುತ್ತದೆ, ಹಾಗಾಗಿ ಪ್ರತಿ ಸಲ ಅದೇ ದಾರಿ, ಅಷ್ಟೇ ದೂರ ಓಡಿಸಬೇಕು. ನಾನು ಬಳ್ಳಾರಿಯಿಂದ ಕುಡತಿನಿ ಮೇಲೆ ತೋರಣಗಲ್ಲಿಗೆ ಹೋಗಿ ಬರುತ್ತೇನೆ. ಒಂದು ಕಡೆಗೆ ಸುಮಾರು 30 ಕಿಲೋಮೀಟರ್.

ನನ್ನ ಮೊದಲ ವಾಷರ್ ಬಿಚ್ಚಿದಾಗ ನವಿಲುಗರಿಯ ನೀಲಿ ಬಂದಿತ್ತು. ಒಳ ಅಂಚಿನಲ್ಲಿ ಮಾತ್ರ ಸ್ವಲ್ಪ ನೇರಳೆ. ಅಂಗೈ ಮೇಲೆ ಇಟ್ಟುಕೊಂಡು ನೋಡಿದಾಗ ಪೇಂಟರ್ ಮೇಲಿದ್ದ ಸಿಟ್ಟು ಇಳಿಯಿತು. ಮರುದಿನ ಹೋಗಿ ಅವರ ಹತ್ತಿರ ಮಾತಾಡಿ ಬಂದೆ.

ದೋಸೆ ಹಂಚಿನ ಪರೀಕ್ಷೆಯೂ ನಡೆಯುತ್ತದೆ. ನೀರಿಗೆ ಬೆರಳು ಅದ್ದಿ ಮ್ಯಾನಿಫೋಲ್ಡ್ ಮೇಲೆ ಒಂದೇ ಒಂದು ಹನಿ ಸಿಡಿಸಿ. ಹನಿ ಕೂತು ಚುರ್ ಎಂದು ಆರಿದರೆ ಬಿಸಿ ನೂರು ದಾಟಿದೆ. ಮುತ್ತಿನಂತೆ ಉರುಳಾಡಿದರೆ ಇನ್ನೂರರ ಸುತ್ತಮುತ್ತ ಅಥವಾ ಜಾಸ್ತಿ. ಒಂದೇ ಹನಿ ಸಾಕು. ಕಾದ ಬೀಡಿಗೆ (ಎರಕದ ಕಬ್ಬಿಣಕ್ಕೆ) ನೀರು ಸುರಿದರೆ ಸೀಳು ಬಿಡುತ್ತದೆ.

ಕಾವು ಹೆಚ್ಚಾಗಲು ನಿಜವಾದ ಕಾರಣ: ಟೈಮಿಂಗ್ ಮತ್ತು ಪೆಟ್ರೋಲ್

ಕಿಡಿ ತಡವಾಗಿ ಹಾರಿದರೆ ಪೆಟ್ರೋಲ್ ಇನ್ನೂ ಉರಿಯುತ್ತಿರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಪಿಸ್ಟನ್ ತಳ್ಳಬೇಕಾದ ಬೆಂಕಿ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಗಾಡಿ ಮಂದ ಅನಿಸುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬಣ್ಣ ಸುಡುತ್ತದೆ. ಎಷ್ಟೋ ಸಲ ನೀರಿನ ಬಿಸಿ ತೋರಿಸುವ ಮೀಟರ್ ಮಾತ್ರ ಸರಿಯಾಗಿಯೇ ತೋರಿಸುತ್ತಿರುತ್ತದೆ. ನಾನು ಮೋಸ ಹೋದದ್ದು ಇಲ್ಲೇ.

ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನಿಂತಲ್ಲಿ ಸರಿ ಇದ್ದರೆ ಸಾಲದು. ವೇಗ ಏರಿದಾಗ ಮುಂದಕ್ಕೆ ಹೋಗಬೇಕು. ಎಂಜಿನ್ ಮುಂದಿನ ಪುಲಿಯ ಗುರುತಿಗೆ ಟೈಮಿಂಗ್ ಲೈಟ್ ಹಿಡಿದು ನಿಧಾನಕ್ಕೆ ಎಕ್ಸಿಲೇಟರ್ ಕೊಡಿ. ಗುರುತು ಜಾಗ ಬಿಟ್ಟು ಸರಿಯದಿದ್ದರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಒಳಗಿನ ತೂಕಗಳು ತುಕ್ಕು ಹಿಡಿದು ಕೂತಿವೆ. ಬಿಚ್ಚಿ, ತೊಳೆದು, ಒಂದೆರಡು ಹನಿ ಎಣ್ಣೆ ಹಾಕಬೇಕು. ಸರಿಯಾದ ಅಂಕಿ ನಿಮ್ಮ ಎಂಜಿನ್‌ನ ಪುಸ್ತಕದಲ್ಲೇ ನೋಡಿ, ಬಾಯಿಮಾತು ನಂಬಬೇಡಿ.

ಇನ್ನು ಕಿಡಿಯನ್ನು ಮುಂದಕ್ಕೆ ತರುವ ವ್ಯಾಕ್ಯೂಮ್ ಡಬ್ಬಿ. ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಇರುವ ಚಪ್ಪಟೆ ಗುಂಡು ಡಬ್ಬಿ ಇದೆಯಲ್ಲ, ಅದರ ಒಳಗೆ ತೆಳು ಪೊರೆ ಇರುತ್ತದೆ. ಕಾರ್ಬುರೇಟರ್ ಕಡೆಯಿಂದ ಸಣ್ಣ ಪೈಪ್ ಬಿಚ್ಚಿ, ತುದಿ ಒರೆಸಿ, ಬಾಯಲ್ಲಿ ಎಳೆಯಿರಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದಿದ್ದರೆ ಪಾಯಿಂಟ್ ಕೂತ ತಟ್ಟೆ ಸ್ವಲ್ಪ ತಿರುಗುವುದು ಕಾಣಬೇಕು. ನಾಲಿಗೆಯಿಂದ ಪೈಪ್ ಮುಚ್ಚಿದರೆ ನಾಲಿಗೆ ಅಲ್ಲೇ ಅಂಟಿಕೊಳ್ಳಬೇಕು. ನನ್ನದರಲ್ಲಿ ಎಳೆದಷ್ಟೂ ಗಾಳಿ ಸಲೀಸಾಗಿ ಬರುತ್ತಿತ್ತು. ಪೊರೆ ಹರಿದಿತ್ತು. ಎಂಜಿನ್ ಪೂರ್ತಿ ಹೊಸದು ಮಾಡಿಸಿದ ನಾನು ಈ ಡಬ್ಬಿಗೆ ಹೊರಗಿನಿಂದ ಬಣ್ಣ ಹಚ್ಚಿ ಬಿಟ್ಟಿದ್ದೆ.

ಎರಡನೇ ಕಾರಣ ಈಗಿನ ಪೆಟ್ರೋಲ್. 2025ರ ಹೊತ್ತಿಗೆ ಬಂಕ್‌ಗಳಲ್ಲಿ ಮಾಮೂಲಿ ಪೆಟ್ರೋಲ್ ಎಂದರೆ 20 ಭಾಗ ಎಥನಾಲ್ ಬೆರೆತದ್ದು. ಬರೀ ಪೆಟ್ರೋಲ್ ಒಂದು ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು. 20 ಭಾಗ ಬೆರೆತರೆ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಈಗಿನ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ನಮ್ಮ ಕಾರ್ಬುರೇಟರ್‌ಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಅದು ಹಳೇ ಅಳತೆಯಲ್ಲೇ ಹಾಕುತ್ತದೆ. ಹಾಗಾಗಿ ಮೊದಲಿಗಿಂತ ಗಾಳಿ ಜಾಸ್ತಿ, ಇಂಧನ ಕಮ್ಮಿ. ಹೊಗೆಯ ಬಿಸಿ ಏರುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಗೊತ್ತಾಗುತ್ತದೆ. ತುದಿ ಬಿಸ್ಕತ್ ಬಣ್ಣ ಇದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಇಂಧನ ಸಾಲುತ್ತಿಲ್ಲ. ಕಪ್ಪು ಮಸಿ ಇದ್ದರೆ ಜಾಸ್ತಿಯಾಗಿದೆ. ದೂರ ಓಡಿಸಿ ಬಂದು ನೋಡಬೇಕು, ಮನೆ ಮುಂದೆ ಐದು ನಿಮಿಷ ನಿಂತಲ್ಲೇ ಓಡಿಸಿ ನೋಡಿದರೆ ಪ್ರಯೋಜನವಿಲ್ಲ. ನನ್ನದರಲ್ಲಿ ಎಸ್‌ಯು ಕಾರ್ಬುರೇಟರ್ ಇದೆ. ಎಂಜಿನ್ ಕಾದ ಮೇಲೆ ಅದರ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ನಷ್ಟೇ ಎತ್ತಿ. ಎಂಜಿನ್ ಸದ್ದು ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ ಇದೆ. ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಕೂಡಲೇ ಕುಸಿದರೆ ಕಮ್ಮಿ. ಕಮ್ಮಿ ಇದ್ದರೆ ಕೆಳಗಿನ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ನಳಿಗೆ) ನಟ್ಟನ್ನು, ಅದರ ಆರು ಮುಖಗಳಲ್ಲಿ ಒಂದೊಂದೇ ಮುಖದಷ್ಟು ತಿರುಗಿಸಿ ಕೆಳಕ್ಕೆ ಇಳಿಸಿ ಮತ್ತೆ ನೋಡಿ. ನಾನು ಇಳಿಸಿದ್ದು ಎರಡು ಮುಖ. ಇದಕ್ಕೂ ಮುಂಚೆ ಇನ್‌ಟೇಕ್ ಪ್ಯಾಕಿಂಗ್‌ನಲ್ಲಿ ಗಾಳಿ ಒಳಗೆ ನುಗ್ಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರುತ್ತದೆ. ಪೆಟ್ರೋಲ್ ಪೈಪುಗಳು ಹಳೇ ರಬ್ಬರ್ ಆಗಿದ್ದರೆ ಇದೇ ಸಮಯಕ್ಕೆ ಬದಲಾಯಿಸಿ. ಎಥನಾಲ್ ಅದನ್ನು ಹಾಳು ಮಾಡುತ್ತದೆ, ಪಕ್ಕದಲ್ಲೇ ಮ್ಯಾನಿಫೋಲ್ಡ್ ಇದೆ.

ಎರಡೂ ಸರಿ ಇದ್ದು ಕಾವು ಇಳಿಯದಿದ್ದರೆ ಎಕ್ಸಾಸ್ಟ್ ಟ್ಯಾಪೆಟ್ ತೀರಾ ಬಿಗಿ ಇದೆಯಾ ನೋಡಿ, ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿರುವುದಿಲ್ಲ. ಸೈಲೆನ್ಸರ್ ಒಳಗೆ ತಗಡು ಕುಸಿದು ದಾರಿ ಕಟ್ಟಿದೆಯಾ ಅದನ್ನೂ ನೋಡಿ.

ಈಗ ಬಣ್ಣದ ಮಾತು

ಅಂಗಡಿಯ ಮಾಮೂಲಿ ಸಿಂಥೆಟಿಕ್ ಎನಾಮೆಲ್ ನೂರು ಡಿಗ್ರಿ ದಾಟಿದರೆ ಹಳದಿ ತಿರುಗತೊಡಗುತ್ತದೆ. ಗೇಟಿಗೆ ಸರಿ, ಎಂಜಿನ್‌ಗೆ ಅಲ್ಲ. ಬ್ಲಾಕ್‌ಗೆ ಎಂಜಿನ್ ಎನಾಮೆಲ್ ಬೇಕು, ಅಂಥ ಕ್ಯಾನ್‌ಗಳ ಮೇಲೆ ಸಾಮಾನ್ಯವಾಗಿ 260 ಡಿಗ್ರಿ ತನಕ ಎಂದು ಬರೆದಿರುತ್ತದೆ. ಮ್ಯಾನಿಫೋಲ್ಡ್‌ಗೆ ಅದೂ ಸಾಲದು. ಅಲ್ಲಿಗೆ 600 ಡಿಗ್ರಿ ತಡೆಯುವ ಸಿಲಿಕೋನ್ ಬಣ್ಣವೇ ಬೇಕು, ಅದೂ ಬರೀ ಲೋಹದ ಮೇಲೆ. ಅಡಿಗೆ ಮಾಮೂಲಿ ಪ್ರೈಮರ್ ಹಚ್ಚಿದರೆ ಪ್ರೈಮರ್ ಸುಟ್ಟು ಮೇಲಿನದೂ ಕಳಚಿ ಬೀಳುತ್ತದೆ.

ನನ್ನ ಹಸಿರು ಕಂದು ಬಣ್ಣಕ್ಕೇ ಏಕೆ ತಿರುಗಿತು ಎಂಬುದು ಗೊತ್ತಾದಾಗ ಖುಷಿಯಾಯಿತು. ಅಂಟು ಸುಟ್ಟು ಕಂದಾಗುವುದು ಒಂದು. ಇನ್ನೊಂದು, ಪೇಂಟರ್ ಆ ಹಸಿರು ಬೆರೆಸಿದ್ದು ಹಳದಿ ಆಕ್ಸೈಡ್ ಹಾಕಿ. ಹಳದಿ ಆಕ್ಸೈಡ್ ಎಂದರೆ ನೀರಿನ ಅಂಶ ಇರುವ ಕಬ್ಬಿಣದ ಆಕ್ಸೈಡ್. ಇನ್ನೂರು ಡಿಗ್ರಿ ದಾಟಿ ಕಾಯುತ್ತಾ ಹೋದರೆ ಆ ನೀರು ಹೋಗಿ ಕೆಂಪು ಆಕ್ಸೈಡ್ ಆಗುತ್ತದೆ. ಅಂದರೆ ನಮ್ಮ ಸಂಡೂರಿನ ಹೆಮಟೈಟ್ ಅದಿರು ಇದೆಯಲ್ಲ, ಅದೇ. ಕಾವಿಯ ಕೆಂಪೂ ಅದೇ. ಅದಕ್ಕೇ ಎಂಜಿನ್‌ಗೆ ಬಣ್ಣ ಬೆರೆಸುವಾಗ ಹಳದಿ ಯಾವುದು ಎಂದು ಕೇಳಿ. ಕೆಂಪು ಆಕ್ಸೈಡ್, ಕಪ್ಪು, ಅಲ್ಯೂಮಿನಿಯಂ ಬಣ್ಣಗಳು ಕಾವಿಗೆ ಚೆನ್ನಾಗಿ ನಿಲ್ಲುತ್ತವೆ.

ಇನ್ನು ತೊಳೆಯುವ ಮಾತು. ಹಳೇ ಬೀಡಿನ ಸಣ್ಣ ರಂಧ್ರಗಳಲ್ಲಿ ವರ್ಷಗಟ್ಟಲೆಯ ಎಣ್ಣೆ ಕೂತಿರುತ್ತದೆ. ತಣ್ಣಗಿದ್ದಾಗ ಎಷ್ಟು ತೊಳೆದರೂ ಅದು ಹೊರಬರುವುದಿಲ್ಲ, ಎಂಜಿನ್ ಕಾದಾಗ ಬೆವರಿ ಬಣ್ಣವನ್ನು ಎತ್ತುತ್ತದೆ. ಇದಕ್ಕೆ ನಮ್ಮೂರ ಬಿಸಿಲೇ ಔಷಧಿ. ಥಿನ್ನರ್‌ನಲ್ಲಿ ತೊಳೆದ ಹೆಡ್ ಅನ್ನು ಹನ್ನೊಂದು ಗಂಟೆಗೆ ಬಿಸಿಲಿಗೆ ಇಡಿ. ಎರಡು ಗಂಟೆಗೆ ಮುಟ್ಟಲು ಆಗದಷ್ಟು ಕಾದು, ಮೇಲೆ ಎಣ್ಣೆ ಮಿನುಗುತ್ತಿರುತ್ತದೆ. ನೆರಳಿಗೆ ತಂದು, ಆರಿಸಿ, ಮತ್ತೆ ತೊಳೆಯಿರಿ. ಮೂರು ದಿನ ಹೀಗೆ ಮಾಡಿದರೆ ಬಿಳಿ ಬಟ್ಟೆ ಬಿಳಿಯಾಗೇ ಉಳಿಯುತ್ತದೆ. ಆದರೆ ಬಣ್ಣ ಹೊಡೆಯುವುದು ಬೆಳಿಗ್ಗೆಯೇ. ಕಾದ ಲೋಹದ ಮೇಲೆ ಸ್ಪ್ರೇ ಹರಡುವ ಮುಂಚೆ ಒಣಗಿ ಮರಳು ಮರಳಾಗುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.

ತೆಳ್ಳಗೆ ಎರಡು ಮೂರು ಕೋಟ್ ಸಾಕು. ದಪ್ಪ ಕೋಟ್ ಮೇಲೆ ಒಣಗಿ ಒಳಗೆ ಹಸಿ ಉಳಿದು ಗುಳ್ಳೆ ಏಳುತ್ತದೆ. ಸಿಲಿಕೋನ್ ಬಣ್ಣ ಕಾವು ಕೊಟ್ಟ ಮೇಲೆಯೇ ಗಟ್ಟಿಯಾಗುವುದು. ಕ್ಯಾನ್ ಮೇಲೆ ಬರೆದ ರೀತಿ ಇದ್ದರೆ ಅದನ್ನೇ ಮಾಡಿ. ಇಲ್ಲದಿದ್ದರೆ ಹತ್ತು ನಿಮಿಷ ಓಡಿಸಿ ಪೂರ್ತಿ ತಣಿಸಿ, ಇಪ್ಪತ್ತು ನಿಮಿಷ ಓಡಿಸಿ ತಣಿಸಿ, ಆಮೇಲೆ ಅರ್ಧ ಗಂಟೆ. ಮೊದಲ ಸಲ ಹೊಗೆ, ವಾಸನೆ ಬರುತ್ತದೆ, ಬಾನೆಟ್ ತೆರೆದಿಡಿ. ಬೀಡಿನ ಮ್ಯಾನಿಫೋಲ್ಡ್‌ಗೆ ಹೀಟ್ ಪಟ್ಟಿ ಸುತ್ತುವುದು ನನಗೆ ಒಪ್ಪಿಗೆ ಇಲ್ಲ. ಕಾವು ಒಳಗೇ ನಿಂತು ಮ್ಯಾನಿಫೋಲ್ಡ್ ಸೀಳಬಹುದು.

ವ್ಯಾಕ್ಯೂಮ್ ಡಬ್ಬಿ ಬದಲಾಯಿಸಿ, ಜೆಟ್ ಇಳಿಸಿ, ಮೇ ತಿಂಗಳ ಬಿಸಿಲಿನಲ್ಲೇ ಮತ್ತೆ ತೋರಣಗಲ್ಲಿಗೆ ಹೋಗಿ ಬಂದೆ. ಬಿಚ್ಚಿದ ವಾಷರ್ ತಿಳಿ ಹಳದಿ ಇತ್ತು. ನೀಲಿಯದನ್ನೂ ಹಳದಿಯದನ್ನೂ ಚಾಚಾ ಎದುರಿಗೆ ಇಟ್ಟೆ. ಅವರು ಎರಡನ್ನೂ ತಿರುಗಿಸಿ ನೋಡಿ, "ಈಗ ಹೊಡಿಸಪ್ಪ ಬಣ್ಣ" ಅಂದರು.